ಅಳತೆ ಬೇರೆ ಇರಲಿ, ನಿಯಮ ಒಂದೇ ಇರಲಿ: ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ನಮಸ್ಕಾರ ಸರ್.

ನಾನು ಹಾವೇರಿ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಟೈಲರಿಂಗ್ ಮಾಡುತ್ತೇನೆ. ಏಪ್ರಿಲ್ ಮುಗಿಯುತ್ತಿದ್ದ ಹಾಗೆ ನನ್ನ ಅಂಗಡಿಯಲ್ಲಿ ಬ್ಲೌಸು, ಫಾಲ್ಸು ಎಲ್ಲ ಬದಿಗೆ ಸರಿದು ಯೂನಿಫಾರ್ಮ್ ಬಟ್ಟೆಯ ಗಂಟುಗಳು ಬಂದು ಕೂರುತ್ತವೆ. ಸರ್ಕಾರಿ ಶಾಲೆ, ಅನುದಾನಿತ ಶಾಲೆ, ಇಂಗ್ಲಿಷ್ ಮೀಡಿಯಂ ಶಾಲೆ, ಎಲ್ಲದರದ್ದೂ. ಜುಲೈವರೆಗೆ ಬೇರೆ ಕೆಲಸ ಮುಟ್ಟೋಕೆ ಪುರುಸೊತ್ತಿರುವುದಿಲ್ಲ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗಳಿದ್ದಾಳೆ, ಆರನೇ ತರಗತಿಯ ಮಗನಿದ್ದಾನೆ. ಶಾಲೆಯ ಬಟ್ಟೆಯ ವಿಷಯವನ್ನು ಮಿಷನ್ ಮುಂದೆ ಕೂತೂ ನೋಡಿದ್ದೇನೆ, ಬೆಳಿಗ್ಗೆ ಮಕ್ಕಳನ್ನು ತಯಾರು ಮಾಡುತ್ತಾ ಮನೆಯಲ್ಲೂ ನೋಡಿದ್ದೇನೆ.

ಕೇಳುವುದನ್ನು ಮೊದಲೇ ಕೇಳಿಬಿಡುತ್ತೇನೆ. ಸಮವಸ್ತ್ರದ ನಿಯಮದಲ್ಲಿ ಹುಡುಗರಿಗೆ ಒಂದು ಪಟ್ಟಿ, ಹುಡುಗಿಯರಿಗೆ ಇನ್ನೊಂದು ಪಟ್ಟಿ ಬೇಡ. ಒಂದೇ ಪಟ್ಟಿ ಇರಲಿ. ಅದರಲ್ಲಿ ಶರ್ಟು-ಪ್ಯಾಂಟು ಇರಲಿ, ಚೂಡಿದಾರ ಇರಲಿ, ಸ್ಕರ್ಟೂ ಇರಲಿ, ಚಡ್ಡಿಯೂ ಇರಲಿ. ಬಣ್ಣ ಒಂದೇ, ಬಟ್ಟೆ ಒಂದೇ. ಯಾವುದು ಹೊಲಿಸಬೇಕು ಅನ್ನುವುದನ್ನು ಮಗು ಮತ್ತು ಮನೆಯವರು ಸೇರಿ ಆರಿಸಿಕೊಳ್ಳಲಿ.

"ಗಂಡು ಹೆಣ್ಣಿನ ಮೈಕಟ್ಟೇ ಬೇರೆ, ಬಟ್ಟೆ ಬೇರೆ ಇದ್ದರೆ ಏನು ತಪ್ಪು?" ಎಂದು ಕೇಳುವವರಿದ್ದಾರೆ. ಮೈಕಟ್ಟು ಬೇರೆ ಅನ್ನುವುದು ಟೇಪು ಹಿಡಿದು ಅಳೆಯುವ ನನಗೆ ಗೊತ್ತಿಲ್ಲದ್ದೇನಲ್ಲ. ಮೂರನೇ ತರಗತಿಯ ಹುಡುಗ, ಹುಡುಗಿ ಇಬ್ಬರನ್ನೂ ನಿಲ್ಲಿಸಿ ಅಳತೆ ತೆಗೆದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ. ಆರು, ಏಳನೇ ತರಗತಿಯ ಹೊತ್ತಿಗೆ ಎದೆ, ಸೀಟಿನ ಅಳತೆ ಬದಲಾಗುತ್ತದೆ. ಆಗ ನಾನು ಟಾಪಿಗೆ ಡಾಟ್ ಹಾಕುತ್ತೇನೆ, ಪ್ಯಾಂಟಿಗೆ ಸೀಟಿನ ಹತ್ತಿರ ಲೂಸ್ ಬಿಡುತ್ತೇನೆ, ಮುಂದಿನ ವರ್ಷ ಬಿಚ್ಚಿ ದೊಡ್ಡದು ಮಾಡಲು ಒಳಗೆ ಬಟ್ಟೆ ಉಳಿಸುತ್ತೇನೆ. ಇದೆಲ್ಲ ಕಟಿಂಗ್ ವಿಷಯ. ಅದನ್ನು ಕತ್ತರಿ ಹಿಡಿದವರು ನೋಡಿಕೊಳ್ಳುತ್ತೇವೆ. ಅದಕ್ಕೆ ಸರ್ಕಾರದ ನಿಯಮ ಬೇಕಿಲ್ಲ, ಶಾಲೆಯ ನಿಯಮವೂ ಬೇಕಿಲ್ಲ.

ನಿಯಮದಲ್ಲಿ ಇರುವ ವ್ಯತ್ಯಾಸ ಬೇರೆ ತರಹದ್ದು. ಹುಡುಗನ ಬಟ್ಟೆ ಗೊತ್ತು ಮಾಡುವಾಗ ಅವನು ಏನು ಮಾಡುತ್ತಾನೆ ಎಂದು ಯೋಚಿಸಿದ್ದಾರೆ. ಓಡುತ್ತಾನೆ, ಪೆನ್ನು ಇಟ್ಟುಕೊಳ್ಳುತ್ತಾನೆ, ಸೈಕಲ್ ಹೊಡೆಯುತ್ತಾನೆ. ಹುಡುಗಿಯ ಬಟ್ಟೆ ಗೊತ್ತು ಮಾಡುವಾಗ ಅವಳು ಹೇಗೆ ಕಾಣುತ್ತಾಳೆ ಎಂದು ಮಾತ್ರ ಯೋಚಿಸಿದ್ದಾರೆ. ನನ್ನ ಸಿಟ್ಟು ಇರುವುದು ಇದರ ಮೇಲೆ.

ಕಿಸೆಯ ಮಾತನ್ನೇ ತೆಗೆದುಕೊಳ್ಳಿ. ಕಳೆದ ವರ್ಷ ಎಂಟನೇ ತರಗತಿಯ ಹುಡುಗಿಯೊಬ್ಬಳು ಅವ್ವನ ಜೊತೆ ಅಳತೆ ಕೊಡಲು ಬಂದಿದ್ದಳು. ಅವ್ವ ಹೊರಗೆ ಯಾರ ಜೊತೆಗೋ ಮಾತಾಡುತ್ತಾ ನಿಂತಾಗ ನನ್ನ ಹತ್ತಿರ ಬಂದು, "ಆಂಟಿ, ಪ್ಯಾಂಟಿಗೆ ಒಂದು ಕಿಸೆ ಇಡ್ರಿ. ಹೊರಗ ಕಾಣಬಾರ್ದ್ರಿ" ಅಂದಳು. ಯಾಕವ್ವಾ ಅಂತ ಕೇಳಿದೆ. "ಪ್ಯಾಡ್ ಇಟ್ಕೊಳ್ಳಾಕ್ರಿ. ಬ್ಯಾಗಿನ್ಯಾಗಿಂದ ತಗೊಂಡು ಹೋಗುವಾಗ ಎಲ್ಲಾರೂ ನೋಡ್ತಾರ್ರಿ" ಅಂದಳು. ಇಟ್ಟುಕೊಟ್ಟೆ. ಒಂದು ಅಂಗೈ ಹಿಡಿಯುವಷ್ಟು ಕಿಸೆ ಅದು. ಕಟಿಂಗ್ ಮಾಡಿ ಉಳಿದ ಚೂರು ಬಟ್ಟೆಯಲ್ಲೇ ಆಯಿತು.

ಇನ್ನೊಂದು ಶಾಲೆಯವರು ನಾನು ಕಿಸೆ ಇಟ್ಟು ಹೊಲಿದ ಟಾಪನ್ನು ವಾಪಸ್ ಕಳಿಸಿದ್ದೂ ಇದೆ. ಪ್ಯಾಟರ್ನ್ ಪ್ರಕಾರ ಇಲ್ಲವಂತೆ. ಬಿಚ್ಚಿ, ಕಿಸೆಯ ಬಾಯಿ ಮುಚ್ಚಿ ಹೊಲಿದು ಕೊಡಬೇಕಾಯಿತು. ಅದೇ ಶಾಲೆಯ ಹುಡುಗರ ಪ್ಯಾಂಟಿಗೆ ಎರಡು ಸೈಡ್ ಕಿಸೆ, ಹಿಂದೆ ಒಂದು, ಶರ್ಟಿಗೆ ಒಂದು. ಒಟ್ಟು ನಾಲ್ಕು. ಪಕ್ಕದಲ್ಲಿ ಕಟ್ (ಸೀಳು) ಇರುವ ಟಾಪಿಗೆ ಕಿಸೆ ಸರಿಯಾಗಿ ಕೂರಲ್ಲ ಅಂತ ಕೆಲವರು ಹೇಳುತ್ತಾರೆ. ಕೂರುತ್ತದೆ ಸರ್. ಕಟ್ ಸ್ವಲ್ಪ ಕೆಳಗಿನಿಂದ ಶುರು ಮಾಡಿದರೆ ಸೈಡ್ ಹೊಲಿಗೆಯಲ್ಲೇ ಕಿಸೆ ಬಾಯಿ ಬರುತ್ತದೆ. ಯಾವ ಟೈಲರ್‌ನನ್ನು ಬೇಕಾದರೂ ಕೇಳಿ.

ಸರ್ಕಾರವೇ ಹೆಣ್ಣುಮಕ್ಕಳಿಗೆ ಶುಚಿ ಯೋಜನೆಯಲ್ಲಿ ಪ್ಯಾಡ್ ಕೊಡುತ್ತದೆ. 2013-14ರಲ್ಲಿ ಶುರುವಾಗಿ, ನಡುವೆ ನಿಂತು, 2024ರಲ್ಲಿ ಮತ್ತೆ ಬಂದ ಒಳ್ಳೆಯ ಯೋಜನೆ. ಆರೋಗ್ಯ ಇಲಾಖೆ ಕೊಡುವ ಪ್ಯಾಡನ್ನು ಶಿಕ್ಷಣ ಇಲಾಖೆ ಕೊಡುವ ಬಟ್ಟೆಯಲ್ಲಿ ಇಟ್ಟುಕೊಳ್ಳಲು ಜಾಗವಿಲ್ಲ. ಎರಡೂ ಇಲಾಖೆಯವರು ಒಂದು ಸಲ ಕೂತು ಮಾತಾಡಿದರೆ ಮುಗಿಯುವ ಕೆಲಸ ಅಲ್ವಾ?

ಇನ್ನು ಬಟ್ಟೆಯ ಮೇಲೆ ಬಟ್ಟೆ. ಹೈಸ್ಕೂಲು ಹುಡುಗಿಯ ಒಂದು ಸೆಟ್ ಅಂದರೆ ಒಳಗೆ ಸ್ಲಿಪ್ಪು, ಮೇಲೆ ಟಾಪು, ಅದರ ಮೇಲೆ ಓವರ್ ಕೋಟು ಇಲ್ಲವೇ ವೇಲು, ಕೆಳಗೆ ಪ್ಯಾಂಟು. ವೇಲನ್ನು ವಿ ಆಕಾರಕ್ಕೆ ಮಡಚಿ ಎರಡೂ ಭುಜಕ್ಕೆ ಪಿನ್ ಹಾಕಬೇಕು. ಪಿನ್ ಕಿತ್ತು ಬಂದರೆ ಪಿ.ಟಿ. ಪೀರಿಯಡ್‌ನಲ್ಲಿ ಬೈಸಿಕೊಳ್ಳಬೇಕು. ಓವರ್ ಕೋಟಿನ ಬಟ್ಟೆ ದಪ್ಪ, ಅದರಲ್ಲಿ ಪಾಲಿಯೆಸ್ಟರ್ ಜಾಸ್ತಿ. ಬೆವರು ಹೀರುವುದಿಲ್ಲ. ಪಕ್ಕದ ಬೆಂಚಿನ ಹುಡುಗ ಬನಿಯನ್ನು, ಶರ್ಟು ಹಾಕಿಕೊಂಡು ಕೂತಿರುತ್ತಾನೆ. ಇಬ್ಬರ ಮೇಲೂ ಮಾರ್ಚ್ ತಿಂಗಳ ಬಿಸಿಲು ಒಂದೇ, ಇಬ್ಬರೂ ಬರೆಯುವ ಪರೀಕ್ಷೆಯೂ ಒಂದೇ.

ಕಲಬುರಗಿ ವಿಭಾಗದಲ್ಲಿ ಬೇಸಿಗೆ ಬಂತೆಂದರೆ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುತ್ತೀರಿ. ಬಿಸಿಲಿಗೆ ತಕ್ಕಂತೆ ಗಡಿಯಾರವನ್ನೇ ಹೊಂದಿಸುವ ಸರ್ಕಾರಕ್ಕೆ ಬಟ್ಟೆ ಹೊಂದಿಸುವುದು ಏನು ಕಷ್ಟ? ನಮ್ಮ ಜಿಲ್ಲೆಯೊಳಗೇ ಹಾನಗಲ್ ಕಡೆ ಮಳೆ ಜಾಸ್ತಿ, ರಾಣೆಬೆನ್ನೂರು ಕಡೆ ಬಿಸಿಲು ಜಾಸ್ತಿ. ಮಲೆನಾಡು, ಕೊಡಗಿನ ಮಕ್ಕಳು ಜೂನ್ ತಿಂಗಳಲ್ಲಿ ಜಿಗಣೆ ಇರುವ ದಾರಿಯಲ್ಲಿ ನಡೆದು ಶಾಲೆಗೆ ಬರುತ್ತಾರೆ. ಅಲ್ಲಿ ಸ್ಕರ್ಟು ಹಾಕಿದ ಹುಡುಗಿಯ ಕಾಲಿಗೂ ಜಿಗಣೆ ಹತ್ತುತ್ತದೆ, ಚಡ್ಡಿ ಹಾಕಿದ ಹುಡುಗನ ಕಾಲಿಗೂ ಹತ್ತುತ್ತದೆ. ಇಬ್ಬರಿಗೂ ಉದ್ದ ಪ್ಯಾಂಟು ಬೇಕು. ರಾಯಚೂರಿನ ಮಕ್ಕಳಿಗೆ ಇಬ್ಬರಿಗೂ ಸಡಿಲವಾದ, ಹತ್ತಿ ಜಾಸ್ತಿ ಇರುವ ಬಟ್ಟೆ ಬೇಕು. ನಿಯಮ ಬೇರೆ ಮಾಡಲೇಬೇಕಿದ್ದರೆ ಊರಿನ ಹವೆ ನೋಡಿ ಮಾಡಿ.

ಓವರ್ ಕೋಟು ಯಾಕೆ ಬೇಕು ಎಂದು ನಾನು ಶಾಲೆಯವರನ್ನು ಕೇಳಿದ್ದೇನೆ. ನೇರ ಉತ್ತರ ಯಾರೂ ಕೊಡುವುದಿಲ್ಲ. "ದೊಡ್ಡ ಹುಡುಗಿಯರು, ಸರಿ ಕಾಣಲ್ಲ" ಎನ್ನುತ್ತಾರೆ. ಹದಿಮೂರು ವರ್ಷದ ಮಗುವಿಗೆ ತನ್ನ ಮೈ ಬೇರೆಯವರಿಗೆ ತೊಂದರೆ ಎಂದು ದಿನಾ ಬೆಳಿಗ್ಗೆ ಹೇಳಿ ಕಳಿಸಿದ ಹಾಗಾಗುತ್ತದೆ ಅದು. ನೋಡುವವರ ಕಣ್ಣು ಸರಿ ಇಲ್ಲದಿದ್ದರೆ ನೋಡುವವರಿಗೆ ಬುದ್ಧಿ ಹೇಳಬೇಕು. ಶಾಲೆ ಇರುವುದೇ ಅದಕ್ಕೆ. ನನ್ನ ಮಗಳು ಮೊದಲು ಖೋಖೋ ಆಡುತ್ತಿದ್ದಳು. ಹೈಸ್ಕೂಲಿಗೆ ಬಂದ ಮೇಲೆ ಆಟದ ಪೀರಿಯಡ್‌ನಲ್ಲಿ ಗೆಳತಿಯರ ಜೊತೆ ಕಟ್ಟೆಯ ಮೇಲೆ ಕೂತು ಬರುತ್ತಾಳೆ. ಕಾರಣ ಕೇಳಿದರೆ ಒಂದೇ ಮಾತು, "ಈ ಡ್ರೆಸ್ ಹಾಕ್ಕೊಂಡು ಹ್ಯಾಂಗ ಓಡ್ಲಿ ಅವ್ವಾ?"

ಹಲವು ಖಾಸಗಿ ಶಾಲೆಗಳಲ್ಲಿ ವಾರಕ್ಕೆ ಒಂದೆರಡು ದಿನ ಬಿಳಿ ಯೂನಿಫಾರ್ಮ್. ಮುಟ್ಟಿನ ದಿನಗಳಲ್ಲಿ ಬಿಳಿ ಬಟ್ಟೆ ಹಾಕಿ ಬೆಂಚಿನ ಮೇಲೆ ಇಡೀ ದಿನ ಕೂರುವ ಹುಡುಗಿಯ ಭಯ ಏನು ಅಂತ ಯಾವ ತಾಯಿಯನ್ನು ಕೇಳಿದರೂ ಹೇಳುತ್ತಾಳೆ. ಆ ದಿನ ಶಾಲೆ ತಪ್ಪಿಸುವವರೂ ಇದ್ದಾರೆ. ಬಿಳಿ ಬಿಟ್ಟು ಬೇರೆ ಬಣ್ಣ ಒಪ್ಪದ ವಿಂಬಲ್ಡನ್ ಟೆನಿಸ್‌ನವರೇ 2023ರಿಂದ ಆಟಗಾರ್ತಿಯರು ಒಳಗೆ ಗಾಢ ಬಣ್ಣದ ಚಡ್ಡಿ ಹಾಕಬಹುದು ಎಂದು ನಿಯಮ ಸಡಿಲ ಮಾಡಿದರು. ನಮ್ಮ ಶಾಲೆಗಳು ಮೇಲೆ ಬಿಳಿ ಇಟ್ಟುಕೊಳ್ಳಲಿ, ಕೆಳಗಿನ ಬಟ್ಟೆ ಎಲ್ಲರಿಗೂ ಗಾಢ ಬಣ್ಣದ್ದಾಗಲಿ. ಹುಡುಗರಿಗೂ ಸೇರಿಸಿ ಹೇಳುತ್ತಿದ್ದೇನೆ. ಮಣ್ಣಿನ ಕಲೆ ಹೋಗಿಸಲು ಕಲ್ಲಿನ ಮೇಲೆ ಉಜ್ಜುವವರು ನಾವೇ.

ಸೈಕಲ್ ಮಾತೂ ಅಷ್ಟೇ. 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಬಂತು. ಕೋವಿಡ್ ಬಂದಾಗ ನಿಂತಿತು. ಹಳ್ಳಿಯಿಂದ ಹೈಸ್ಕೂಲಿಗೆ ಬರುವ ಹೆಣ್ಣುಮಕ್ಕಳಿಗೆ ಅದರಿಂದ ಎಷ್ಟು ಅನುಕೂಲವಾಯಿತು ಎಂದು ನಾವು ಕಣ್ಣಾರೆ ನೋಡಿದ್ದೇವೆ. ಆದರೆ ಉದ್ದ ಟಾಪಿನ ಅಂಚು, ವೇಲಿನ ತುದಿ ಚೈನಿಗೆ ಸಿಕ್ಕಿ ಹರಿದು ರಿಪೇರಿಗೆ ಬರುವುದನ್ನೂ ನಾನು ನೋಡಿದ್ದೇನೆ. ಬಟ್ಟೆ ಹರಿದರೆ ಹೊಲಿಯಬಹುದು. ಹುಡುಗಿ ಬಿದ್ದರೆ?

ಬಟ್ಟೆಯನ್ನು ಕೆಲಸಕ್ಕೆ ಹೊಂದಿಸುವುದು ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. 2018ರಲ್ಲಿ, ರಾಜ್ಯದ ಮೊದಲ ಮಹಿಳಾ ಪೊಲೀಸ್ ಮುಖ್ಯಸ್ಥೆ ನೀಲಮಣಿ ರಾಜು ಅವರು ಇದ್ದಾಗ, ಮಹಿಳಾ ಪೊಲೀಸರು ಸೀರೆಯ ಬದಲು ಖಾಕಿ ಪ್ಯಾಂಟು-ಶರ್ಟು ಹಾಕಬೇಕೆಂದು ಆದೇಶವಾಯಿತು. ಸೀರೆ ಉಟ್ಟು ಓಡುವುದು ಕಷ್ಟ, ಬೈಕ್ ಹತ್ತುವುದು ಕಷ್ಟ ಅನ್ನುವುದು ಇಲಾಖೆಗೆ ಅರ್ಥವಾಯಿತು. ಈಗ ಪೇಟೆಯಲ್ಲಿ ಪ್ಯಾಂಟು ಹಾಕಿದ ಮಹಿಳಾ ಪಿಎಸ್ಐ ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ಎನ್‌ಸಿಸಿ ಪರೇಡಿನಲ್ಲಿ ಹುಡುಗಿಯರೂ ಪ್ಯಾಂಟಿನಲ್ಲೇ ನಡೆಯುತ್ತಾರೆ. ತಂದೆತಾಯಿ ಹೆಮ್ಮೆಯಿಂದ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುತ್ತಾರೆ. ಅದೇ ಹುಡುಗಿ ಸೋಮವಾರ ಗಣಿತದ ಕ್ಲಾಸಿಗೆ ಪ್ಯಾಂಟು-ಶರ್ಟು ಹಾಕಿ ಬಂದರೆ ಮಾತ್ರ ಗೇಟಿನಲ್ಲಿ ನಿಲ್ಲಿಸುತ್ತಾರೆ.

ಹುಡುಗರಿಗೂ ಈ ಎರಡು ಪಟ್ಟಿಯಿಂದ ತೊಂದರೆ ಇದೆ. ಏಳನೇ ತರಗತಿಗೆ ಬರುವ ಹೊತ್ತಿಗೆ ಕೆಲವು ಹುಡುಗರು ನನಗಿಂತ ಎತ್ತರ ಇರುತ್ತಾರೆ, ಕಾಲ ಮೇಲೆ ಕೂದಲು ಬಂದಿರುತ್ತದೆ. ಆದರೂ ಚಡ್ಡಿಯಲ್ಲೇ ಬರಬೇಕು ಅನ್ನುವ ಶಾಲೆಗಳಿವೆ. ಫುಲ್ ಪ್ಯಾಂಟು ಹೊಲಿಸಿಕೊಡು ಎಂದು ನನ್ನ ಮಗ ಈಗಲೇ ಗಂಟು ಬಿದ್ದಿದ್ದಾನೆ. ಇನ್ನು ಹುಡುಗಿಯರ ಎರಡು ಜಡೆ, ರಿಬ್ಬನ್. ಬೆಳಿಗ್ಗೆ ಏಳಕ್ಕೆ ಕೂಲಿಗೆ ಹೋಗುವ ತಾಯಿ ಆರಕ್ಕೇ ಎದ್ದು ಮಗಳ ಜಡೆ ಹಾಕಬೇಕು. ಕೂದಲು ಶುಚಿಯಾಗಿರಲಿ, ಕಣ್ಣಿಗೆ ಬೀಳದ ಹಾಗೆ ಕಟ್ಟಿರಲಿ ಅಂದರೆ ಎಲ್ಲ ಮಕ್ಕಳಿಗೂ ಸಾಕು. ತಾನು ಹುಡುಗನೋ ಹುಡುಗಿಯೋ ಎಂಬ ಪ್ರಶ್ನೆಯನ್ನು ಒಳಗೇ ಇಟ್ಟುಕೊಂಡು ಒದ್ದಾಡುವ ಮಕ್ಕಳೂ ಶಾಲೆಗೆ ಬರುತ್ತಾರೆ. ಒಂದೇ ಪಟ್ಟಿ ಇದ್ದರೆ ಆ ಮಗು ಯಾರಿಗೂ ಏನನ್ನೂ ವಿವರಿಸದೆ ತನಗೆ ಹಿತವಾದ ಬಟ್ಟೆ ಹಾಕಿಕೊಂಡು ಬರಬಹುದು.

ಪಕ್ಕದ ಕೇರಳದಲ್ಲಿ ಇದು ಆಗಿದೆ. ಎರ್ನಾಕುಳಂ ಜಿಲ್ಲೆಯ ವಳಯಂಚಿರಂಗರದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಶರ್ಟು ಮತ್ತು ಮೊಣಕಾಲು ಮುಚ್ಚುವ ತ್ರೀ-ಫೋರ್ತ್ ಚಡ್ಡಿ ತಂದರು. ಶಾಲೆಯವರು, ಪೋಷಕರು ಕೂತು ಮಾತಾಡಿ ಮಾಡಿದ್ದು. ಗಲಾಟೆ ಆಗಲಿಲ್ಲ. 2021ರ ಡಿಸೆಂಬರಿನಲ್ಲಿ ಕೋಳಿಕ್ಕೋಡು ಜಿಲ್ಲೆಯ ಬಾಲುಶ್ಶೇರಿಯ ಸರ್ಕಾರಿ ಹೆಣ್ಣುಮಕ್ಕಳ ಹೈಯರ್ ಸೆಕೆಂಡರಿ ಶಾಲೆಯಲ್ಲಿ ಪ್ಯಾಂಟು-ಶರ್ಟು ಬಂದಾಗ ಕೆಲವು ಮುಸ್ಲಿಂ ಸಂಘಟನೆಗಳು ಪ್ರತಿಭಟಿಸಿದವು, ಇದು ಹೇರಿಕೆ ಎಂದವು. ಕೊನೆಗೆ 2022ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರು, ಸರ್ಕಾರ ಇಂಥ ಸಮವಸ್ತ್ರವನ್ನು ಯಾರ ಮೇಲೂ ಹೇರುವುದಿಲ್ಲ ಎಂದು ಹೇಳಿದರು. ಇದರಿಂದ ನಾನು ಕಲಿತದ್ದು ಇಷ್ಟು. ಎಲ್ಲ ಹುಡುಗಿಯರೂ ಪ್ಯಾಂಟೇ ಹಾಕಬೇಕು ಎಂದರೆ ಅದೂ ಇನ್ನೊಂದು ಬಲವಂತ. ಉದ್ದ ತೋಳು, ಸಡಿಲ ಪ್ಯಾಂಟು, ಮೊಣಕಾಲು ದಾಟುವ ಟಾಪು ಬೇಕು ಅನ್ನುವ ಹುಡುಗಿಗೆ ಅದು ಸಿಗಲಿ. ಬೇಡ ಅನ್ನುವವಳಿಗೆ ಬೇರೆಯದು ಸಿಗಲಿ. ವೇಲು ಇಷ್ಟಪಡುವವರು ಹಾಕಿಕೊಳ್ಳಲಿ, ಕಡ್ಡಾಯ ಮಾತ್ರ ಬೇಡ.

ನಮ್ಮ ರಾಜ್ಯದಲ್ಲಿ 2022ರಲ್ಲಿ ಹಿಜಾಬ್ ವಿಷಯಕ್ಕೆ ನಡೆದದ್ದು ಎಲ್ಲರ ನೆನಪಿನಲ್ಲಿದೆ. ಫೆಬ್ರವರಿ 5ರ ಸರ್ಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಎರಡು ಬೇರೆ ಅಭಿಪ್ರಾಯ. ಆ ವಾದವನ್ನು ನಾನು ಈ ಪತ್ರದಲ್ಲಿ ಬೆಳೆಸುವುದಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಆಗ ಟಿವಿಯಲ್ಲಿ ಕೂತು ಹುಡುಗಿಯರ ಬಟ್ಟೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಿದವರಲ್ಲಿ ಗಂಡಸರೇ ಜಾಸ್ತಿ. ತರಗತಿ, ಪರೀಕ್ಷೆ ಕಳೆದುಕೊಂಡವರು ಹುಡುಗಿಯರು. ಸಮವಸ್ತ್ರದ ಬಗ್ಗೆ ಈ ಸಲ ಏನೇ ತೀರ್ಮಾನ ಮಾಡಿದರೂ ಅದನ್ನು ತೊಡುವವರನ್ನು ಮೊದಲು ಕೇಳಿ. ಬಟ್ಟೆಯ ಕಾರಣಕ್ಕೆ ಯಾವ ಮಗುವನ್ನೂ ಗೇಟಿನ ಹೊರಗೆ ನಿಲ್ಲಿಸಬೇಡಿ.

ಹಾಗಾದರೆ ಹುಡುಗಿಯರಿಗೆ ಅಂತ ಬೇರೆ ಏನೂ ಇರಬಾರದಾ ಎಂದು ಕೇಳಬಹುದು. ಇರಲಿ, ಬೇಕಾದ ಕಡೆ. ಸಂವಿಧಾನದ 15ನೇ ವಿಧಿ ಲಿಂಗದ ಆಧಾರದಲ್ಲಿ ತಾರತಮ್ಯ ಮಾಡಬಾರದು ಎನ್ನುತ್ತದೆ. ಅದೇ ವಿಧಿಯ ಮೂರನೇ ಉಪವಿಧಿ ಹೆಂಗಸರಿಗೆ, ಮಕ್ಕಳಿಗೆ ವಿಶೇಷ ಸೌಲಭ್ಯ ಕೊಡಬಹುದು ಎಂದೂ ಹೇಳುತ್ತದೆ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಎಂಟನೇ ತರಗತಿವರೆಗಿನ ಎಲ್ಲ ಹುಡುಗಿಯರಿಗೂ, ಪರಿಶಿಷ್ಟ ಜಾತಿ, ಪಂಗಡ ಮತ್ತು ಬಡ ಕುಟುಂಬಗಳ ಹುಡುಗರಿಗೂ ಯೂನಿಫಾರ್ಮಿಗೆ ವರ್ಷಕ್ಕೆ ತಲಾ 600 ರೂಪಾಯಿ ಎಂದು ಲೆಕ್ಕ ಇಟ್ಟಿದ್ದಾರೆ. ಅಲ್ಲಿ ಹುಡುಗಿಯರಿಗೆ ಒಂದು ಹೆಜ್ಜೆ ಜಾಸ್ತಿ ಕೊಟ್ಟದ್ದು ಸರಿ. ಪ್ಯಾಡ್ ಕೊಡುವುದೂ ಸರಿ. ಈ ಬೇರೆತನ ಹುಡುಗಿಯ ಹೊರೆ ಇಳಿಸುತ್ತದೆ. ಓವರ್ ಕೋಟು ಹೊರೆ ಏರಿಸುತ್ತದೆ. ಬಟ್ಟೆಯೂ ಜಾಸ್ತಿ ಹಿಡಿಯುತ್ತದೆ, ಹೊಲಿಗೆಯ ಕೂಲಿಯೂ ಜಾಸ್ತಿ. ನಾನು ಎಷ್ಟು ಕಡಿಮೆ ತೆಗೆದುಕೊಂಡರೂ ಹುಡುಗಿಯ ಸೆಟ್ಟಿಗೆ ಹುಡುಗನ ಸೆಟ್ಟಿಗಿಂತ ಹೆಚ್ಚೇ ಬೀಳುತ್ತದೆ. ಇಬ್ಬರು ಹೆಣ್ಣುಮಕ್ಕಳ ತಾಯಿ ಕೌಂಟರಿನ ಮುಂದೆ ನಿಂತು ಸೆರಗಿನ ಗಂಟು ಬಿಚ್ಚಿ ರೊಕ್ಕ ಎಣಿಸುವಾಗ ನನಗೆ ಸಂಕಟವಾಗುತ್ತದೆ.

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿದೆ. ವೇಲು ಸರಿ ಇಲ್ಲ, ಸ್ಕರ್ಟು ಗಿಡ್ಡವಾಯಿತು ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರ ಮುಂದೆ ಹುಡುಗಿಯನ್ನು ನಿಲ್ಲಿಸುವುದು ಕಿರುಕುಳವೇ. ಮಕ್ಕಳು ಬೆಳೆಯುತ್ತಾರೆ ಸರ್. ಜೂನ್‌ನಲ್ಲಿ ಹೊಲಿದ ಸ್ಕರ್ಟು ಜನವರಿಗೆ ಗಿಡ್ಡವಾಗಿಯೇ ಆಗುತ್ತದೆ. ಇದನ್ನು ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆಸಿ.

ಈಗ ಹೇಗೆ ಮಾಡುವುದು ಅನ್ನುವುದಕ್ಕೆ ಬರುತ್ತೇನೆ. 1995ರ ಕರ್ನಾಟಕ ಶಿಕ್ಷಣ ಸಂಸ್ಥೆಗಳ ನಿಯಮಗಳಲ್ಲಿ 11ನೇ ನಿಯಮ ಸಮವಸ್ತ್ರದ್ದು. ಶಾಲೆ ಒಮ್ಮೆ ಸಮವಸ್ತ್ರ ಗೊತ್ತು ಮಾಡಿದರೆ ಐದು ವರ್ಷ ಬದಲಿಸುವಂತಿಲ್ಲ, ಬದಲಿಸುವುದಾದರೆ ಒಂದು ವರ್ಷ ಮುಂಚೆ ಪೋಷಕರಿಗೆ ತಿಳಿಸಬೇಕು ಎಂದು ಅದರಲ್ಲಿದೆ. ಪೋಷಕರ ಜೇಬು ಕಾಯುವ ಒಳ್ಳೆಯ ನಿಯಮ. ಅದನ್ನು ಮುರಿಯಿರಿ ಎಂದು ನಾನು ಕೇಳುವುದಿಲ್ಲ. ನಾನು ಕೇಳುತ್ತಿರುವುದು ಬಣ್ಣ, ಬಟ್ಟೆ ಬದಲಿಸುವುದನ್ನಲ್ಲ. ಅದೇ ಬಟ್ಟೆಯಲ್ಲಿ ಇನ್ನೊಂದು ನಮೂನೆ ಹೊಲಿಸಲು ಅವಕಾಶ ಕೊಡುವುದನ್ನು. ಅದನ್ನು ಸಮವಸ್ತ್ರ ಬದಲಾವಣೆ ಎಂದು ಲೆಕ್ಕ ಹಾಕಬಾರದು, ಯಾವ ಮನೆಯವರೂ ಹೊಸದು ಕೊಳ್ಳುವಂತೆ ಒತ್ತಾಯ ಮಾಡಬಾರದು ಎಂದು ಇಲಾಖೆ ಒಂದು ಸ್ಪಷ್ಟನೆ ಕೊಟ್ಟರೆ ಸಾಕು. ಇರುವ ಬಟ್ಟೆ ಹಾಳಾಗುವವರೆಗೆ ಅದನ್ನೇ ಹಾಕಲಿ. ಮುಂದಿನದನ್ನು ಬೇಕಾದ ಹಾಗೆ ಹೊಲಿಸಲಿ.

ಸರ್ಕಾರಿ ಶಾಲೆಗಳಲ್ಲಿ ಇದು ಇನ್ನೂ ಸುಲಭ. ಮಕ್ಕಳಿಗೆ ಉಚಿತವಾಗಿ ಕೊಡುವ ವಿದ್ಯಾವಿಕಾಸ ಯೋಜನೆಯ ಬಟ್ಟೆ ನಿಮ್ಮ ಕೈಯಲ್ಲೇ ಇದೆ. ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಪ್ರತಿ ಮಗುವಿನ ವಿವರ ಇದೆ. ಯೂನಿಫಾರ್ಮಿಗೆ ಒಂದು ಕಾಲಂ ಸೇರಿಸಿ. ಪ್ಯಾಂಟೋ, ಚೂಡಿದಾರವೋ, ಸ್ಕರ್ಟೋ ಎಂದು ಮಕ್ಕಳನ್ನೇ ಕೇಳಿ ತುಂಬಿಸಿ. ಅದರ ಪ್ರಕಾರ ಬಟ್ಟೆಗೆ ಇಂಡೆಂಟ್ ಹಾಕಿ. ಎರಡು ಜೊತೆ ಯೂನಿಫಾರ್ಮ್ ಕೊಡಬೇಕು ಎಂದು 2019ರಲ್ಲಿ ಹೈಕೋರ್ಟ್ ಹೇಳಬೇಕಾಯಿತು, ಅದಕ್ಕೆ ಒಂದು ಮಗುವೇ ಕೋರ್ಟಿಗೆ ಹೋಗಬೇಕಾಯಿತು. ಕಿಸೆಗೂ ಯಾವುದೋ ಹುಡುಗಿ ಕೋರ್ಟಿಗೆ ಹೋಗುವ ಹಾಗೆ ಮಾಡಬೇಡಿ.

ಬಟ್ಟೆಯ ಟೆಂಡರು ಶಾಲೆ ಶುರುವಾಗುವುದಕ್ಕಿಂತ ತಿಂಗಳುಗಟ್ಟಲೆ ಮುಂಚೆ ಆಗುತ್ತದೆ. ಡಿಸೆಂಬರಿನೊಳಗೆ ನಿಮ್ಮ ಸುತ್ತೋಲೆ ಬಂದರೆ ಮುಂದಿನ ಜೂನ್‌ಗೆ ಮಕ್ಕಳ ಮೈಮೇಲೆ ಬರುತ್ತದೆ. ನಮೂನೆ ಮಾಡಿಕೊಡಲು ನಮ್ಮಂಥ ಟೈಲರ್‌ಗಳು ಪ್ರತಿ ತಾಲ್ಲೂಕಿನಲ್ಲೂ ಇದ್ದೇವೆ. ಮಹಿಳಾ ಸಂಘಗಳಿಗೆ ಹೊಲಿಗೆ ಕೊಟ್ಟರೆ ಅವರಿಗೂ ಕೆಲಸ ಸಿಗುತ್ತದೆ. ಒಂದರಿಂದ ಹತ್ತನೇ ತರಗತಿವರೆಗೆ ಕಿಸೆ ಇರುವ ಪ್ಯಾಂಟು, ಕಿಸೆ ಇರುವ ಚೂಡಿದಾರ, ಕಿಸೆ ಇರುವ ಸ್ಕರ್ಟು, ಮೂರರದ್ದೂ ಪೇಪರ್ ಕಟಿಂಗ್ ನಾನೇ ಮಾಡಿ ಇಟ್ಟಿದ್ದೇನೆ. ನಿಮ್ಮ ಕಚೇರಿಯವರು ವಿಳಾಸ ಹೇಳಿದರೆ ಪೋಸ್ಟ್ ಮಾಡುತ್ತೇನೆ. ದುಡ್ಡು ಬೇಡ.

ಇಂತಿ ನಿಮ್ಮ ವಿಶ್ವಾಸಿ,
ಯೂನಿಫಾರ್ಮ್ ಹೊಲಿಯುವ ಒಬ್ಬ ತಾಯಿ,
ಹಾವೇರಿ ಜಿಲ್ಲೆ